ಒಂದೇ ಪ್ರಭೇದದ ಎರಡು ಕಲ್ಲುಹೂವು

ಉತ್ತರ ಅಮೆರಿಕದ ಪಶ್ಚಿಮ ಭಾಗದಲ್ಲಿ, ಕೆನಡಾದ ಬ್ರಿಟಿಷ್ ಕೊಲಂಬಿಯಾದಿಂದ ಅಮೆರಿಕದ ಮೊಂಟಾನಾವರೆಗೆ ಹಬ್ಬಿದ ಸೂಚಿಪರ್ಣಿ ಕಾಡುಗಳಲ್ಲಿ, ಕೊಂಬೆಗಳಿಂದ ಕೂದಲಿನ ಹಾಗೆ ಎಳೆಎಳೆಯಾಗಿ ಇಳಿಬೀಳುವ ಎರಡು ಕಲ್ಲುಹೂವುಗಳಿವೆ. ಒಂದು ಕಡುಗಂದು, ದೂರದಿಂದ ಕಪ್ಪೇ. ಇನ್ನೊಂದಕ್ಕೆ ಹಳದಿ ಬೆರೆತ ಹಸಿರು ಛಾಯೆ. ಮೊದಲನೆಯದನ್ನು ಅಲ್ಲಿನ ಮೂಲನಿವಾಸಿಗಳು ತಲೆಮಾರುಗಳಿಂದ ಬೇಯಿಸಿ ತಿಂದಿದ್ದಾರೆ. ಎರಡನೆಯದರ ಮೈತುಂಬ ವಲ್ಪಿನಿಕ್ ಆಮ್ಲವೆಂಬ ಕಹಿ ವಿಷ. ಸಸ್ಯಶಾಸ್ತ್ರಜ್ಞರು ಮೊದಲನೆಯದನ್ನು ಬ್ರಯೋರಿಯಾ ಫ್ರಿಮಾಂಟಿಯೈ ಎಂದೂ ಎರಡನೆಯದನ್ನು ಬ್ರಯೋರಿಯಾ ಟಾರ್ಟುವೋಸಾ ಎಂದೂ ಕರೆದರು. 2009ರಲ್ಲಿ ಇವುಗಳ ಡಿಎನ್‌ಎ ಓದಿ ಹೋಲಿಸಿದ ತಂಡವೊಂದು ಇವು ಎರಡಲ್ಲ, ಒಂದೇ ಪ್ರಭೇದ ಎಂದು ತೀರ್ಮಾನಿಸಿತು.

ಆ ತೀರ್ಮಾನ ಸರಿಯಾಗಿಯೇ ಇದೆ. ಅದರ ಬೆನ್ನಿಗೇ ಬರುವ ಅನಿಸಿಕೆಯ ಮೇಲೆ ಮಾತ್ರ ನನ್ನ ತಕರಾರು. ಹೆಸರು ಒಂದಾಯಿತು, ಆದ್ದರಿಂದ ಉಳಿದ ವ್ಯತ್ಯಾಸವೆಲ್ಲ ಮೇಲುಮೇಲಿನದು, ಬಣ್ಣ ರುಚಿಗಳನ್ನು ನಂಬಿದವರು ಮೋಸಹೋದರು ಎಂಬ ಅನಿಸಿಕೆ ಅದು. ಹಾಗೆ ನಂಬಿ ಎಲ್ಲರೂ ಸುಮ್ಮನಾಗಿದ್ದರೆ ಕಲ್ಲುಹೂವುಗಳ ಬಗ್ಗೆ ಈ ಶತಮಾನದಲ್ಲಿ ಕಂಡುಕೊಂಡ ಅತಿ ಮುಖ್ಯ ಸಂಗತಿಗಳಲ್ಲೊಂದು ಇನ್ನೂ ಕತ್ತಲಲ್ಲೇ ಇರುತ್ತಿತ್ತು.

ಕಲ್ಲುಹೂವನ್ನು ನಮ್ಮ ಓದುಗರಿಗೆ ಪರಿಚಯಿಸಬೇಕಾಗಿಲ್ಲ. ಗ್ರಂದಿಗೆ ಅಂಗಡಿಯಲ್ಲಿ ಸಿಗುವ, ಬಿಸಿಬೇಳೆಭಾತಿನ ಪುಡಿಗೂ ಉತ್ತರ ಕರ್ನಾಟಕದ ಮಸಾಲೆ ಖಾರಕ್ಕೂ ಬೀಳುವ, ಅಲ್ಲಿ ದಗಡಫೂಲ್ ಎನ್ನಿಸಿಕೊಳ್ಳುವ ಬೂದು ಬಣ್ಣದ ಚೂರುಗಳು ಇದೇ ಬಳಗದವು. ಅದು ಹೂವಲ್ಲ, ಗಿಡವೂ ಅಲ್ಲ. ಒಂದು ಶಿಲೀಂಧ್ರ ಮತ್ತು ಒಂದು ಪಾಚಿ ಕೂಡಿ ಕಟ್ಟಿಕೊಂಡ ಸಂಸಾರ. ಪಾಚಿ ಬಿಸಿಲಿನಿಂದ ಸಕ್ಕರೆ ತಯಾರಿಸುತ್ತದೆ. ಶಿಲೀಂಧ್ರ ಮೈಯನ್ನು ಕಟ್ಟುತ್ತದೆ, ನೀರು ಹಿಡಿದಿಡುತ್ತದೆ, ಸುಡುವ ಬಿಸಿಲಿಗೆ ಮರೆಯಾಗುತ್ತದೆ. ಈ ಮಾತನ್ನು 1867ರಲ್ಲಿ ಮೊದಲು ಹೇಳಿದವನು ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್. ಅವನ ಕಾಲದ ದೊಡ್ಡ ಕಲ್ಲುಹೂವು ಪಂಡಿತರು ಅವನನ್ನು ನಂಬಲಿಲ್ಲ, ಕೆಲವರು ಗೇಲಿಯನ್ನೂ ಮಾಡಿದರು. ಜೀವನವೆಲ್ಲ ಒಂದೆಂದು ತಿಳಿದು ಹೆಸರಿಟ್ಟ ಸಾವಿರಾರು ಜೀವಿಗಳು ಒಂದೊಂದೂ ಎರಡೆಂದು ಒಪ್ಪಿಕೊಳ್ಳುವುದು ಸುಲಭವಿರಲಿಲ್ಲ. ಫಿನ್ಲೆಂಡಿನ ವಿಲಿಯಂ ನೈಲಾಂಡರ್ ಅಂತೂ ಕೊನೆಯವರೆಗೂ ಒಪ್ಪಲೇ ಇಲ್ಲ. ಈ ನೈಲಾಂಡರನ ಹೆಸರು ಮುಂದೆ ಮತ್ತೆ ಬರುತ್ತದೆ.

ಈಗ ಕಂದು ಎಳೆಗೆ ಬರೋಣ. ಇದನ್ನು 1858ರಲ್ಲಿ ಮೊದಲು ವರ್ಣಿಸಿದ ಎಡ್ವರ್ಡ್ ಟಕರ್‌ಮನ್, ಅಮೆರಿಕದ ಪಶ್ಚಿಮವನ್ನು ಅಳೆದು ನಕ್ಷೆ ಮಾಡಿದ ಜಾನ್ ಫ್ರೀಮಾಂಟ್‌ನ ಹೆಸರನ್ನು ಅದಕ್ಕೆ ಕೊಟ್ಟ. ಟಕರ್‌ಮನ್‌ಗೆ ಅದು ಹೊಸದಿರಬಹುದು, ಆ ಕಾಡಿನಲ್ಲಿ ಬದುಕಿದವರಿಗೆ ಅಲ್ಲ. ಸೆಕ್ವೆಪೆಮ್ಕ್, ಒಕನಾಗನ್ ಮೊದಲಾದ ಒಳನಾಡಿನ ಸೇಲಿಷ್ ಜನರಿಗೆ ಇದು ಆಹಾರ. ಇದನ್ನು ಅವರು ‘ವಿಲ’ ಎಂದೂ, ಭಾಷೆಭಾಷೆಗೆ ಬೇರೆ ಹೆಸರುಗಳಿಂದಲೂ ಕರೆದರು. ಉದ್ದ ಕೋಲಿನಿಂದ ಕೊಂಬೆಯಿಂದ ಸುತ್ತಿ ಎಳೆದು, ಕಡ್ಡಿ ಕಸ ಆರಿಸಿ, ನೀರಿನಲ್ಲಿ ನೆನೆಸಿ, ನೆಲದಲ್ಲಿ ತೋಡಿದ ಗುಂಡಿಯಲ್ಲಿ ಕಾದ ಕಲ್ಲುಗಳ ಮೇಲೆ ಸೊಪ್ಪು ಹಾಸಿ, ನಡುವೆ ಇದನ್ನಿಟ್ಟು ಮುಚ್ಚಿ ರಾತ್ರಿಯಿಡೀ ಬೇಯಿಸುತ್ತಿದ್ದರು. ಕೆಲವೆಡೆ ಜೊತೆಗೆ ಕಾಡು ಈರುಳ್ಳಿಯನ್ನೋ ಕ್ಯಾಮಸ್ ಗೆಡ್ಡೆಯನ್ನೋ ಸೇರಿಸುತ್ತಿದ್ದರು. ಮೂಟೆಗಟ್ಟಲೆ ಒಳಗೆ ಹೋದದ್ದು ಕುಗ್ಗಿ, ಕಪ್ಪಾದ ಮೆತ್ತನೆಯ ಮುದ್ದೆಯಾಗಿ ಹೊರಬರುತ್ತಿತ್ತು. ಅದನ್ನು ಹಾಗೇ ತಿನ್ನುತ್ತಿದ್ದರು, ಇಲ್ಲವೇ ಬಿಲ್ಲೆ ತಟ್ಟಿ ಒಣಗಿಸಿ ಚಳಿಗಾಲಕ್ಕೆ ಇಡುತ್ತಿದ್ದರು. ಕೆಲವು ಊರುಗಳಲ್ಲಿ ಅದು ಬರಗಾಲದ ಊಟ, ಇನ್ನು ಕೆಲವೆಡೆ ಬಾಯಿ ಚಪ್ಪರಿಸುವ ತಿನಿಸು. ಕೊಯೋಟಿ ಎಂಬ ಕಿಲಾಡಿ ಪ್ರಾಣಿಯ ಕೂದಲು ಮರಕ್ಕೆ ಸಿಕ್ಕಿಕೊಂಡು ಉಳಿದು ಹೀಗಾಯಿತೆಂಬ ಕತೆಯೂ ಅವರಲ್ಲಿದೆ. ಕೆನಡಾದ ಸಸ್ಯಶಾಸ್ತ್ರಜ್ಞೆ ನ್ಯಾನ್ಸಿ ಟರ್ನರ್ 1977ರಲ್ಲಿ ಇದನ್ನೆಲ್ಲ ವಿವರವಾಗಿ ದಾಖಲಿಸಿದರು. ಅದರಲ್ಲಿ ನನ್ನ ವಾದಕ್ಕೆ ಬೇಕಾದ ವಿವರವೂ ಇದೆ. ಎಲ್ಲ ಮರದ್ದೂ, ಎಲ್ಲ ಜಾಗದ್ದೂ ಒಂದೇ ರುಚಿಯಲ್ಲವೆಂದು ತಿಳಿದಿದ್ದ ಆ ಜನ ಕೀಳುವ ಮುನ್ನ ಬಾಯಿಗೆ ಹಾಕಿ ನೋಡುತ್ತಿದ್ದರು, ಕಹಿಯಿದ್ದರೆ ಬಿಡುತ್ತಿದ್ದರು.

ಹಳದಿ ಎಳೆಗೆ ಅಷ್ಟು ಕತೆಗಳಿಲ್ಲ. ವಿಷಕ್ಕೆ ಪಾಕವಿಧಾನ ಯಾರು ಬರೆಯುತ್ತಾರೆ! 1909ರಲ್ಲಿ ಮೆರಿಲ್ ಎಂಬಾತ ಅದನ್ನು ಪ್ರತ್ಯೇಕ ಪ್ರಭೇದವೆಂದು ಗುರುತಿಸಿದ. 1977ರಲ್ಲಿ ಇರ್ವಿನ್ ಬ್ರೋಡೋ ಮತ್ತು ಡೇವಿಡ್ ಹಾಕ್ಸ್‌ವರ್ತ್ ಈ ಇಡೀ ಗುಂಪನ್ನು ಪರಿಷ್ಕರಿಸಿ ಎರಡನ್ನೂ ಬ್ರಯೋರಿಯಾ ಕುಲಕ್ಕೆ ತಂದರು, ಆದರೆ ಎರಡಾಗಿಯೇ ಉಳಿಸಿದರು. ಮುಖ್ಯ ಆಧಾರ ವಲ್ಪಿನಿಕ್ ಆಮ್ಲ. ಸ್ಕ್ಯಾಂಡಿನೇವಿಯಾದಲ್ಲಿ ತೋಳಗಳನ್ನು ಕೊಲ್ಲಲು ಮಾಂಸದಲ್ಲಿ ಬೆರೆಸಿಡುತ್ತಿದ್ದ ಲೆಥೇರಿಯಾ ವಲ್ಪೈನಾ ಎಂಬ ಇನ್ನೊಂದು ಕಲ್ಲುಹೂವಿನ ಉಜ್ವಲ ಹಳದಿಗೂ ಇದೇ ಆಮ್ಲ ಕಾರಣ.

2009ರ ಅಧ್ಯಯನಕ್ಕೆ ಫಿನ್ಲೆಂಡಿನ ಸಾರಾ ವೆಲ್ಮಾಲಾ, ಲೀನಾ ಮ್ಯುಲ್ಲಿಸ್, ಕೆನಡಾದ ಟ್ರೆವರ್ ಗೋವರ್ಡ್ ಮುಂತಾದವರು ಕೈಹಾಕಿದ್ದರು. ಗೋವರ್ಡ್ ಬ್ರಿಟಿಷ್ ಕೊಲಂಬಿಯಾದ ಕಾಡಿನಂಚಿನಲ್ಲೇ ಬದುಕಿ ಈ ಎಳೆಗಳನ್ನು ದಶಕಗಳ ಕಾಲ ಕಣ್ಣಾರೆ ನೋಡಿದವರು. ಶಿಲೀಂಧ್ರದ ಡಿಎನ್‌ಎ ಹೋಲಿಸಿದಾಗ ಕಂದಿನವೆಲ್ಲ ಒಂದು ಕಡೆ, ಹಳದಿಯವೆಲ್ಲ ಇನ್ನೊಂದು ಕಡೆ ಎಂದು ಬೇರ್ಪಡಲಿಲ್ಲ, ಎರಡೂ ಕಲಸಿಕೊಂಡವು. ಪಾಚಿಯಾದರೂ ಬೇರೆಯೇ ಎಂದರೆ ಅದೂ ಇಲ್ಲ, ಎರಡರಲ್ಲೂ ಟ್ರೆಬೂಕ್ಸಿಯಾ ಕುಲದ ಅದೇ ಪಾಚಿ. ಅದೇ ಶಿಲೀಂಧ್ರ, ಅದೇ ಪಾಚಿ. ಹಳೆಯ ಹೆಸರಿಗೆ ಆದ್ಯತೆಯೆಂಬ ನಿಯಮದಂತೆ ಟಾರ್ಟುವೋಸಾ ಎಂಬ ಹೆಸರು ಹೋಗಿ ಫ್ರಿಮಾಂಟಿಯೈ ಉಳಿಯಿತು.

ಇಲ್ಲಿ ನಾಮಕರಣದ ಒಂದು ನಿಯಮವನ್ನು ಗಮನಿಸಬೇಕು. ಕಲ್ಲುಹೂವಿಗೆ ಇಟ್ಟ ಹೆಸರು ಅದರೊಳಗಿನ ಶಿಲೀಂಧ್ರಕ್ಕೆ ಮಾತ್ರ ಸಲ್ಲುತ್ತದೆ ಎಂದು ಅಂತರರಾಷ್ಟ್ರೀಯ ನಾಮಕರಣ ಸಂಹಿತೆ ಹೇಳುತ್ತದೆ. ಪಾಚಿಗೆ ಬೇರೆ ಹೆಸರು. ಇಬ್ಬರೂ ಸೇರಿ ಕಟ್ಟಿದ, ನಾವು ಕಾಣುವ, ಮುಟ್ಟುವ, ಸಾರಿಗೆ ಹಾಕುವ ಆ ಕಾಯಕ್ಕೆ ಕಾನೂನಿನಂತೆ ಹೆಸರೇ ಇಲ್ಲ. ಇದು ವಿಚಿತ್ರವೆನಿಸಿದರೂ ಅನಿವಾರ್ಯ ಅನುಕೂಲ. ಒಂದೇ ಪಾಚಿ ನೂರಾರು ಶಿಲೀಂಧ್ರಗಳ ಜೊತೆ ಸಂಸಾರ ಹೂಡುವುದರಿಂದ, ಹೆಸರನ್ನು ಯಾರಾದರೊಬ್ಬರ ಮೇಲೆ ಹಾಕಲೇಬೇಕಾದರೆ ಶಿಲೀಂಧ್ರವೇ ವಾಸಿ. ನಿಯಮ ಬದಲಿಸಿ ಎಂದು ನಾನು ಹೇಳುತ್ತಿಲ್ಲ. ಆದರೆ ಅದು ಕಡತದ ವ್ಯವಸ್ಥೆಯೇ ಹೊರತು ಕಾಡಿನ ವರ್ಣನೆಯಲ್ಲ. ‘ಇವೆರಡೂ ಒಂದೇ ಪ್ರಭೇದ’ ಎಂಬ ವಾಕ್ಯವನ್ನು ಬಿಡಿಸಿ ಓದಿದರೆ ‘ಇವೆರಡರ ಒಳಗಿನ ಮುಖ್ಯ ಶಿಲೀಂಧ್ರ ಒಂದೇ’ ಎಂದಷ್ಟೇ ಅರ್ಥ. ಬಾಯಿಗೆ ಹಾಕಿ ನೋಡಿ ಕಹಿಯಾದದ್ದನ್ನು ಬಿಟ್ಟ ಹೆಂಗಸು ಹೋಲಿಸಿದ್ದು ಒಳಗಿನ ಶಿಲೀಂಧ್ರವನ್ನಲ್ಲ, ಇಡೀ ಕಾಯವನ್ನು. ಅವಳ ಹೋಲಿಕೆಯಲ್ಲಿ ಅವು ಎರಡೇ, ಇವತ್ತಿಗೂ ಎರಡೇ.

ಈ ನಿಯಮ ಎಷ್ಟು ದೂರ ಎಳೆಯಬಲ್ಲದು ಎಂಬುದಕ್ಕೆ ಯೂರೋಪಿನ ಲೊಬೇರಿಯಾ ಆಂಪ್ಲಿಸಿಮಾ ಒಳ್ಳೆಯ ಸಾಕ್ಷಿ. ಅದರ ಶಿಲೀಂಧ್ರ ಹಸಿರು ಪಾಚಿಯೊಂದಿಗೆ ಕೂಡಿದರೆ ಅಗಲವಾದ ಎಲೆಯಂಥ ತಿಳಿಬೂದು ಕಾಯ ಹುಟ್ಟುತ್ತದೆ. ಅದೇ ಶಿಲೀಂಧ್ರ ನೀಲಿಹಸಿರು ಪಾಚಿಯೊಂದಿಗೆ, ಅಂದರೆ ಸಯನೋಬ್ಯಾಕ್ಟೀರಿಯಾದೊಂದಿಗೆ, ಕೂಡಿದರೆ ಕವಲೊಡೆದ ಪುಟ್ಟ ಕಂದು ಪೊದೆ. ಎರಡೂ ಎಷ್ಟು ಬೇರೆ ಕಾಣುತ್ತವೆಂದರೆ ಪೊದೆಯನ್ನು ಡೆಂಡ್ರಿಸ್ಕೊಕಾಲಾನ್ ಎಂಬ ಬೇರೆ ಕುಲಕ್ಕೇ ಸೇರಿಸಿದ್ದರು. ಕೆಲವೊಮ್ಮೆ ಎಲೆಯ ಮೈಯಿಂದಲೇ ಪೊದೆ ಎದ್ದು ನಿಂತಿರುತ್ತದೆ. ಅಲ್ಲಿ ಕಾರಣ ಗೊತ್ತಿತ್ತು, ಸಂಗಾತಿ ಬದಲಾಗಿದ್ದಾನೆ. ಬ್ರಯೋರಿಯಾದ ಜೋಡಿಯಲ್ಲಿ ಕಾಡಿದ ಪ್ರಶ್ನೆ ಇದಕ್ಕಿಂತ ಕಠಿಣ. ಸಂಗಾತಿಗಳಿಬ್ಬರೂ ಅವರೇ ಆಗಿದ್ದಾಗ ಸಂಸಾರ ಬೇರೆಯಾಗಲು ಕಾರಣವೇನು?

ಗೋವರ್ಡ್‌ರ ಗೆಳೆಯ, ಮೊಂಟಾನಾದಲ್ಲೇ ಬೆಳೆದ ಟೋಬಿ ಸ್ಪ್ರಿಬಿಲ್ ಈ ಪ್ರಶ್ನೆಯನ್ನು ಕೈಬಿಡಲಿಲ್ಲ. ಹೆಸರು ಒಂದಾದ ಮೇಲೂ ಕಣ್ಣಿಗೆ ಎರಡಾಗಿ ಕಾಣುತ್ತಿರುವುದಕ್ಕೆ ಉತ್ತರ ಬೇಕೆಂದು ಹಟ ಹಿಡಿದವರು ಅವರು. ಮೊಂಟಾನಾ ವಿಶ್ವವಿದ್ಯಾಲಯದಲ್ಲಿ ಜಾನ್ ಮೆಕ್‌ಕಚನ್‌ರ ಪ್ರಯೋಗಾಲಯ ಸೇರಿ, ಡಿಎನ್‌ಎ ಬದಲು ಆರ್‌ಎನ್‌ಎ ಓದತೊಡಗಿದರು. ಡಿಎನ್‌ಎ ಒಂದು ಜೀವಿಯಲ್ಲಿ ಏನೇನಿದೆಯೆಂದು ಹೇಳಿದರೆ, ಆರ್‌ಎನ್‌ಎ ಅದರಲ್ಲಿ ಈಗ ಯಾವುದು ಕೆಲಸದಲ್ಲಿದೆಯೆಂದು ಹೇಳುತ್ತದೆ. ಒಂದೇ ಶಿಲೀಂಧ್ರ ಹಳದಿ ಎಳೆಯಲ್ಲಿ ಬೇರೆ ಜೀನ್‌ಗಳನ್ನು ಚುರುಕಾಗಿಸಿಕೊಂಡಿದ್ದರೆ ಅಲ್ಲಿ ಸಿಕ್ಕಬೇಕಿತ್ತು. ಸಿಗಲಿಲ್ಲ. ಪಾಚಿಯಲ್ಲೂ ಇಲ್ಲ. ಅಲ್ಲಿಯವರೆಗೆ ಅವರು ಹುಡುಕುತ್ತಿದ್ದದ್ದು ಕಲ್ಲುಹೂವುಗಳಲ್ಲಿ ಇರಬೇಕಾದ ಆಸ್ಕೊಮೈಸೀಟ್ ಗುಂಪಿನ ಶಿಲೀಂಧ್ರವನ್ನು ಮಾತ್ರ. ಉಳಿದ ಶಿಲೀಂಧ್ರಗಳ ಸುಳಿವು ಬಂದರೆ ಅದನ್ನು ಗಾಳಿಯಲ್ಲಿ ಬಂದು ಅಂಟಿಕೊಂಡ ಕಸವೆಂದು ಬದಿಗಿಡುವುದು ರೂಢಿ. ಆ ಜರಡಿಯನ್ನು ತೆಗೆದುಹಾಕಿ ನೋಡಿದಾಗ ಅಣಬೆಗಳ ದೂರದ ನೆಂಟ, ಬೆಸಿಡಿಯೊಮೈಸೀಟ್ ಗುಂಪಿನ ಒಂದು ಯೀಸ್ಟ್ ಕಾಣಿಸಿತು. ಕಂದಿನಲ್ಲಿ ಕಡಿಮೆ, ಹಳದಿಯಲ್ಲಿ ಹೆಚ್ಚು. ವಲ್ಪಿನಿಕ್ ಆಮ್ಲ ಏರಿದಂತೆ ಅದೂ ಏರುತ್ತಿತ್ತು.

ಅಣುಗಳ ಪಟ್ಟಿಯಲ್ಲಿ ಕಂಡದ್ದು ಕಣ್ಣಿಗೂ ಕಾಣಬೇಕಲ್ಲ. ಹೊಳೆಯುವ ಗುರುತುಗಳನ್ನು ಅಂಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಯೀಸ್ಟ್ ಕೋಶಗಳು ಎಳೆಯ ಹೊರತೊಗಟೆಯಲ್ಲೇ ಹುದುಗಿದ್ದವು. ಒಂದೂವರೆ ಶತಮಾನ ಲೆಕ್ಕವಿಲ್ಲದಷ್ಟು ಜನ ಸೀಳಿ ನೋಡಿದ ತೊಗಟೆ ಅದು. 2016ರ ಜುಲೈನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಈ ಪ್ರಬಂಧ, ಆ ಯೀಸ್ಟಿನ ಬಳಗ ಆರು ಖಂಡಗಳ ಅನೇಕ ಕಲ್ಲುಹೂವುಗಳಲ್ಲಿ ಇದೆಯೆಂದೂ ತೋರಿಸಿತು.

ಇಡ್ಲಿ ಮಾಡುವವರಿಗೆ ಇದರಲ್ಲಿ ಅಚ್ಚರಿ ಕಡಿಮೆ. ಅಕ್ಕಿ ಅದೇ, ಉದ್ದು ಅದೇ, ಅಳತೆಯೂ ಅದೇ. ಆದರೂ ಚಳಿಗಾಲದ ಹಿಟ್ಟು ಬೇಸಿಗೆಯ ಹಿಟ್ಟಲ್ಲ, ಏಕೆಂದರೆ ಹಿಟ್ಟನ್ನು ಉಬ್ಬಿಸುವ ಸೂಕ್ಷ್ಮಜೀವಿಗಳನ್ನು ಯಾವ ಪಾಕಪುಸ್ತಕವೂ ಸಾಮಗ್ರಿಗಳ ಪಟ್ಟಿಯಲ್ಲಿ ಬರೆಯುವುದಿಲ್ಲ. ಬ್ರಯೋರಿಯಾದ ಸಾಮಗ್ರಿಗಳ ಪಟ್ಟಿಯಲ್ಲೂ ಹೀಗೇ ಒಂದು ಹೆಸರು ಬಿಟ್ಟುಹೋಗಿತ್ತು.

ಇಷ್ಟಕ್ಕೇ ನಿಲ್ಲಿಸಿದರೆ ಕತೆ ಚೆನ್ನಾಗಿರುತ್ತದೆ, ಪತ್ರಿಕೆಗಳು ನಿಲ್ಲಿಸಿದ್ದೂ ಇಲ್ಲೇ. ಕಲ್ಲುಹೂವೆಂದರೆ ಇಬ್ಬರಲ್ಲ ಮೂವರು, ನೂರೈವತ್ತು ವರ್ಷದ ಪಾಠ ಸುಳ್ಳು ಎಂಬ ಧಾಟಿಯ ಬರಹಗಳು ಸಾಲುಗಟ್ಟಿದವು. ಹೆಸರಿನ ನಿಯಮವನ್ನು ನಿಸರ್ಗವೆಂದು ತಿಳಿಯುವುದು ಎಷ್ಟು ಅವಸರವೋ, ಇದೂ ಅಷ್ಟೇ ಅವಸರ. 2019ರಲ್ಲಿ ಜೇಮ್ಸ್ ಲೆಂಡೆಮರ್ ಮತ್ತು ಸಂಗಡಿಗರು 57 ಕುಟುಂಬಗಳ 339 ಪ್ರಭೇದಗಳನ್ನು ಜಾಲಾಡಿದಾಗ ಈ ಯೀಸ್ಟುಗಳು ಸಿಕ್ಕಿದ್ದು ಬೆರಳೆಣಿಕೆಯಷ್ಟರಲ್ಲಿ. ಅಂದರೆ ಮೂರನೆಯವರು ಎಲ್ಲ ಮನೆಯಲ್ಲೂ ಇಲ್ಲ. ಅದೇ ವರ್ಷ ವೀರಾ ಟುವೊವಿನೆನ್ ಮತ್ತು ಸಂಗಡಿಗರು ತೋಳ ಕೊಲ್ಲುವ ಲೆಥೇರಿಯಾದ ತೊಗಟೆಯಲ್ಲಿ ಒಂದಲ್ಲ, ಎರಡು ಬೆಸಿಡಿಯೊಮೈಸೀಟ್‌ಗಳನ್ನು ತೋರಿಸಿದರು. ಅಂದರೆ ಕೆಲವು ಮನೆಗಳಲ್ಲಿ ನಾಲ್ಕನೆಯವರೂ ಇದ್ದಾರೆ. ಎಲ್ಲಕ್ಕೂ ಸಲ್ಲುವ ಒಂದು ಸಂಖ್ಯೆಯನ್ನು ಹುಡುಕುವುದೇ ಹಳೆಯ ಚಾಳಿಯ ಮುಂದುವರಿಕೆ ಎನಿಸುತ್ತದೆ ನನಗೆ.

ಇನ್ನೂ ಮುಖ್ಯ ಆಕ್ಷೇಪವೊಂದಿದೆ. ಯೀಸ್ಟ್ ಹೆಚ್ಚಿದ್ದಲ್ಲಿ ವಿಷ ಹೆಚ್ಚು ಎಂಬುದರಿಂದ ಯೀಸ್ಟೇ ವಿಷ ತಯಾರಿಸಿತು ಎಂದಾಗುವುದಿಲ್ಲ. ವಿಷವಿರುವಲ್ಲಿ ಯೀಸ್ಟಿಗೆ ಹಿತವೆನಿಸಿರಬಹುದು, ಇಲ್ಲವೇ ಎರಡನ್ನೂ ಮೂರನೆಯ ಒಂದು ಸಂಗತಿ, ಕಾಡಿನ ತೇವವೋ ಮರದ ತೊಗಟೆಯೋ, ಮೇಲೆತ್ತಿರಬಹುದು. ಮೂರನೆಯ ಸಾಧ್ಯತೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ, ಹಳದಿ ಎಳೆ ಸಿಗುವುದು ಉತ್ತರ ಅಮೆರಿಕದ ಪಶ್ಚಿಮ ಭಾಗದಲ್ಲಿ ಮಾತ್ರ, ಕಂದು ಎಳೆಯಾದರೋ ಫಿನ್ಲೆಂಡಿನ ಕಾಡುಗಳಲ್ಲೂ ಇದೆ. ಇನ್ನು ಕಂದು ಎಳೆಯೂ ವಲ್ಪಿನಿಕ್ ಆಮ್ಲವನ್ನು ಪೂರ್ತಿ ಬಿಟ್ಟಿಲ್ಲ. ಅದರ ಮೈಮೇಲೆ ಅಪರೂಪಕ್ಕೆ ಕಾಣುವ ಪುಡಿಗುಳ್ಳೆಗಳು ಬೆಳಗುವ ಹಳದಿ, ಆ ಹಳದಿಗೆ ಕಾರಣ ಇದೇ ಆಮ್ಲ. ಹಳೆಯ ಕೈಪಿಡಿಗಳಲ್ಲೇ ಇರುವ ಈ ವಿವರ ನನಗೆ ಬಹಳ ಹಿಡಿಸುತ್ತದೆ. ವಿಷ ಮಾಡುವ ವಿದ್ಯೆ ಎರಡೂ ಮನೆಯಲ್ಲಿದೆ, ಒಂದು ಮನೆ ಅದನ್ನು ಮೂಲೆಯಲ್ಲಿ ಬಳಸುತ್ತದೆ, ಇನ್ನೊಂದು ಅಂಗಳದ ತುಂಬ. ಹಾಗಾಗಿ ಇಲ್ಲಿ ಕೇಳಬೇಕಾದ ಪ್ರಶ್ನೆ ‘ಯಾರು ಬೇರೆ’ ಎಂಬುದಲ್ಲ, ‘ಎಲ್ಲಿ, ಎಷ್ಟು, ಯಾರ ಸಹವಾಸದಲ್ಲಿ’ ಎಂಬುದು. ಪ್ರಭೇದ ಎಂಬ ಒಂದೇ ಅಳತೆಗೋಲಿನಲ್ಲಿ ಇದನ್ನು ಅಳೆಯಲು ಬರುವುದಿಲ್ಲ.

ಹಾಗೆಂದು ಯೀಸ್ಟಿನ ಪತ್ತೆ ಸಣ್ಣದೇನಲ್ಲ. ತಜ್ಞರು ಒಂದೆಂದು ಮುಚ್ಚಿದ ಕಡತವನ್ನು ಒಬ್ಬ ತಜ್ಞ ಮತ್ತೆ ತೆರೆದದ್ದು ಏಕೆ? ಕಾಡಿನಲ್ಲಿ ನಿಂತವರ ಕಣ್ಣು, ನಾಲಿಗೆ ಹೇಳುತ್ತಿದ್ದ ಮಾತನ್ನು ಅವರು ಅಳಿಸಿಹಾಕಲು ಒಪ್ಪದ್ದರಿಂದ. ಆ ಸಾಕ್ಷ್ಯವನ್ನು ‘ಜಾನಪದ’ ಎಂಬ ಪೆಟ್ಟಿಗೆಗೆ ಹಾಕಿ ಗೌರವಿಸಿ ಮರೆಯುವುದು ನಮ್ಮಲ್ಲೂ ನಡೆಯುತ್ತದೆ. ಸಾಕ್ಷ್ಯವನ್ನು ಸಾಕ್ಷ್ಯವಾಗಿ ಇಟ್ಟುಕೊಂಡರೆ ಅದು ಡಿಎನ್‌ಎಗೆ ಎದುರಾಳಿಯಲ್ಲ, ಡಿಎನ್‌ಎಗೆ ಕೇಳಬೇಕಾದ ಪ್ರಶ್ನೆ.

ನಮ್ಮ ಅಡುಗೆಮನೆಯಲ್ಲಿ ಈ ಸಮಸ್ಯೆ ತಿರುವುಮುರುವಾಗಿದೆ. ಅಲ್ಲಿ ಒಂದು ಪ್ರಭೇದ, ಎರಡು ವಸ್ತು. ಇಲ್ಲಿ ಒಂದು ವಸ್ತು, ಹಲವು ಪ್ರಭೇದ. ಕಲ್ಲುಹೂವಿನ ಪೊಟ್ಟಣದಲ್ಲಿ ಪಾರ್ಮೊಟ್ರೆಮಾ ಕುಲದ್ದೇ ಒಂದಕ್ಕಿಂತ ಹೆಚ್ಚು ಪ್ರಭೇದ ಬೆರೆತಿರುವುದು ಮಾಮೂಲು. ಅವುಗಳಲ್ಲಿ ಪಾರ್ಮೊಟ್ರೆಮಾ ಟಿಂಕ್ಟೋರಮ್ ಮತ್ತು ಪಾರ್ಮೊಟ್ರೆಮಾ ಪರ್ಲೇಟಮ್ ಪರಸ್ಪರ ಹೋಲುತ್ತವೆ, ಆದರೆ ಇವು ನಿಜಕ್ಕೂ ಬೇರೆ ಶಿಲೀಂಧ್ರಗಳು. ಪರ್ಲೇಟಮ್‌ನ ಅಂಚಿನಲ್ಲಿ ಕಪ್ಪು ರೋಮಗಳೂ ಪುಡಿಪುಡಿ ಸಾಲೂ ಇರುತ್ತವೆ. ಟಿಂಕ್ಟೋರಮ್‌ನ ಅಂಚು ಬೋಳು, ಮೈಮೇಲೆ ನವಿರಾದ ಮುಳ್ಳಿನಂಥ ಚಿಗುರುಗಳು. ಸಂಶಯವಿದ್ದರೆ ಮೇಲ್ಪದರ ಕೆರೆದು ಒಳಗಿನ ಬಿಳಿ ಭಾಗಕ್ಕೆ ಬ್ಲೀಚಿಂಗ್ ಪೌಡರಿನ ನೀರು ಒಂದು ಹನಿ ಹಾಕಿ: ಟಿಂಕ್ಟೋರಮ್ ಲೆಕನೋರಿಕ್ ಆಮ್ಲದ ದೆಸೆಯಿಂದ ಕೂಡಲೇ ಕೆಂಪಾಗುತ್ತದೆ, ಪರ್ಲೇಟಮ್ ಆಗುವುದಿಲ್ಲ. ಹನಿ ಹಾಕಿದ ಚೂರನ್ನು ಮತ್ತೆ ಮಸಾಲೆಗೆ ಹಾಕಬೇಡಿ ಎಂದು ಹೇಳಬೇಕಾಗಿಲ್ಲ. 1866ರಲ್ಲಿ ಈ ಹನಿಪರೀಕ್ಷೆಯನ್ನು ರೂಢಿಗೆ ತಂದವನು, ಕಲ್ಲುಹೂವು ಇಬ್ಬರ ಸಂಸಾರವೆಂದು ಸಾಯುವವರೆಗೂ ಒಪ್ಪದ ಆ ನೈಲಾಂಡರನೇ. ಸಿದ್ಧಾಂತದಲ್ಲಿ ಸೋತವನ ಹನಿ ಇಂದಿಗೂ ಸುಳ್ಳು ಹೇಳುವುದಿಲ್ಲ, ಏಕೆಂದರೆ ಅದು ಕಾಯವನ್ನು ಕೇಳುತ್ತದೆ, ಸಿದ್ಧಾಂತವನ್ನಲ್ಲ.

ಭಾರತದಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಕಲ್ಲುಹೂವು ಪ್ರಭೇದಗಳು ದಾಖಲಾಗಿವೆ, ಪಶ್ಚಿಮ ಘಟ್ಟ ಅವುಗಳ ದೊಡ್ಡ ನೆಲೆಗಳಲ್ಲೊಂದು. ಡಿಎನ್‌ಎ ಓದುವುದು ಅಗ್ಗವಾಗುತ್ತಿರುವಾಗ ಈ ಪಟ್ಟಿಯಲ್ಲೂ ಎರಡು ಹೆಸರು ಒಂದಾಗುವ, ಒಂದು ಹೆಸರು ಮೂರಾಗುವ ಪರಿಷ್ಕರಣೆಗಳು ಬಂದೇ ಬರುತ್ತವೆ, ಬರಲಿ. ಮಲೆನಾಡಿನಲ್ಲೋ ಕೊಡಗಿನಲ್ಲೋ ಕಲ್ಲುಹೂವು ಸಂಗ್ರಹಿಸುವ ವಿದ್ಯಾರ್ಥಿಗಳಲ್ಲಿ, ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟೇ. ನಿಮ್ಮ ಸಂಗ್ರಹದ ಹಾಳೆಯ ಮೇಲೆ ಹೆಸರಿನ ಜೊತೆಗೆ ಬಣ್ಣ, ಯಾವ ಮರ, ಮರದ ಯಾವ ಎತ್ತರ, ಹನಿಪರೀಕ್ಷೆಯ ಫಲಿತಾಂಶ, ಅದನ್ನು ಕಿತ್ತು ಮಾರುವವರು ಯಾವುದನ್ನು ಆರಿಸುತ್ತಾರೆ, ಯಾವುದನ್ನು ಬಿಡುತ್ತಾರೆ, ಏಕೆ ಬಿಡುತ್ತಾರೆ ಎಂಬುದನ್ನೂ ಬರೆದಿಡಿ. ನಾಳೆ ಎರಡು ಹೆಸರು ಒಂದಾದರೆ ಹೆಸರನ್ನು ತಿದ್ದಿ, ಆ ಟಿಪ್ಪಣಿಗಳನ್ನು ಅಳಿಸಬೇಡಿ.